ಗಾಳಿ ಬಿಡಿಸುವುದು

ನಮ್ಮ ತೀರ್ಥಹಳ್ಳಿ ಕಡೆ ಗಾಳಿ ಹಿಡಿಯುವುದರಲ್ಲಿ ಎರಡು ಬಗೆ. ಮುಸ್ಸಂಜೆ ಹೊತ್ತಿನಲ್ಲಿ ಹಾಡ್ಯದ ಕಡೆಯಿಂದ ಒಬ್ಬರೇ ನಡೆದು ಬಂದವರು ಮೂರು ದಿನ ಊಟ ಬಿಟ್ಟು ಮಂಕಾಗಿ ಕೂತರೆ ಅದು ಒಂದು ಗಾಳಿ. ಅದನ್ನು ಬಿಡಿಸಲು ಬೇವಿನ ಸೊಪ್ಪು, ನಿಂಬೆಹಣ್ಣು ಮತ್ತು ದೊಡ್ಡ ಗಂಟಲಿನ ಒಬ್ಬ ಮನುಷ್ಯ ಬೇಕು. ಇನ್ನೊಂದು ತೋಟದ ಪಂಪ್‌ಸೆಟ್ಟಿಗೆ ಹಿಡಿಯುವ ಗಾಳಿ. ಮೋಟಾರು ಗುಂಯ್ ಅನ್ನುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಇದಕ್ಕೆ ಅಪ್ಪನ ಮದ್ದು ಒಂದು ಬಕೆಟ್ ಸಗಣಿ ನೀರು. ಪಂಪಿನ ಬಾಯಿಗೆ ಅದನ್ನು ಹೊಯ್ದರೆ ಫುಟ್‌ವಾಲ್ವಿನ ಸಣ್ಣಪುಟ್ಟ ಸಂದುಗಳೆಲ್ಲ ಮುಚ್ಚಿಕೊಂಡು, ಸೇರಿಕೊಂಡಿದ್ದ ಗಾಳಿ ಗೊಳಗೊಳ ಎಂದು ಹೊರಬಿದ್ದು, ಮೊದಲು ಹಸಿರು ನೀರು, ಆಮೇಲೆ ಕಂದು ನೀರು, ಕೊನೆಗೆ ತಿಳಿನೀರು ಬರುತ್ತಿತ್ತು. ಈ ಎರಡೂ ವಿದ್ಯೆಗಳನ್ನು ಕಲಿಯದೆ ನಾನು ಲೆಕ್ಕಪತ್ರ ಕಲಿತೆ. ಕಲಿತದ್ದನ್ನು ಇಂಗ್ಲೆಂಡಿನ ಲೆಸ್ಟರ್ ಊರಿಗೆ ತಂದು ಮಾರಿಕೊಂಡು ಇಪ್ಪತ್ತೆರಡು ವರ್ಷ ಸುಖವಾಗಿದ್ದೆ. ಹೋದ ವರ್ಷ ಗಾಳಿ ನನ್ನನ್ನು ಹುಡುಕಿಕೊಂಡು ಅಲ್ಲಿಗೂ ಬಂತು. ಬಂದು ಸೇರಿದ್ದು ಕಾರಿನ ಕ್ಲಚ್ಚಿಗೆ.

ಕಾರೆಂದರೆ ಆಫೀಸಿಗೆ ಹೋಗುವ ಕಾರಲ್ಲ. ಅದಕ್ಕೆ ಕ್ಲಚ್ ಪೆಡಲೇ ಇಲ್ಲ. ಹತ್ತಿರ ಹೋದರೆ ಮಡಚಿಕೊಂಡ ಕಿವಿ ಬಿಚ್ಚಿ, ದೀಪ ಹೊತ್ತಿಸಿ, ಸ್ವಾಗತ ಕೋರುತ್ತದೆ. ನಾನು ಹೇಳುತ್ತಿರುವುದು 1973ರ ಎಂಜಿಬಿ. ಎರಡೇ ಸೀಟು, ಬಟ್ಟೆಯ ಚಾವಣಿ, ನೆಲಕ್ಕೆ ತಾಗುವಷ್ಟು ಗಿಡ್ಡ. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ನನ್ನದರ ಬಣ್ಣಕ್ಕೆ ಕಂಪನಿಯವರು ಇಟ್ಟ ಹೆಸರು ಹಾರ್ವೆಸ್ಟ್ ಗೋಲ್ಡ್. ಸುಗ್ಗಿ, ಹೊನ್ನು ಎಂದೆಲ್ಲ ನಾನು ಅನುವಾದ ಮಾಡಿ ಹೇಳಿದರೂ ನನ್ನ ಹೆಂಡತಿ ಅದನ್ನು ಕರೆಯುವುದು ಅರಿಶಿನ ಡಬ್ಬಿ ಎಂದೇ.

ಇದನ್ನು ಕೊಂಡದ್ದಕ್ಕೆ ನನ್ನಲ್ಲಿ ಒಂದು ಭಾವುಕ ಕಾರಣವೂ ಒಂದು ಲೆಕ್ಕದ ಕಾರಣವೂ ಇವೆ. ಭಾವುಕ ಕಾರಣ ಬಾನೆಟ್ಟಿನ ಕೆಳಗಿದೆ. ಇದರ 1798 ಸಿಸಿ ಎಂಜಿನ್ನು ಬಿ-ಸೀರೀಸ್ ಕುಲದ್ದು. ನಮ್ಮ ಅಂಬಾಸಡರಿನಲ್ಲಿ ಬಹುಕಾಲ ಇದ್ದ 1489 ಸಿಸಿ ಎಂಜಿನ್ನೂ ಅದೇ ಮನೆತನದ್ದು. ಮೊದಲ ಸಲ ಬಾನೆಟ್ ಎತ್ತಿದಾಗ, ಮದುವೆಮನೆಗೆ ಹನ್ನೊಂದು ಜನರನ್ನು ತುಂಬಿಕೊಂಡು ಆಗುಂಬೆ ಘಾಟಿ ಹತ್ತುತ್ತಿದ್ದ ಬಿಳಿಯ ಟ್ಯಾಕ್ಸಿಯ ತಮ್ಮ ಇಲ್ಲಿ ಸೂಟುಬೂಟು ಹಾಕಿಕೊಂಡು ಕೂತಿದ್ದಾನೆ ಅನ್ನಿಸಿತು. ಲೆಕ್ಕದ ಕಾರಣ ಇನ್ನೂ ಗಟ್ಟಿ. ಈ ದೇಶದಲ್ಲಿ ನಲವತ್ತು ದಾಟಿದ ಕಾರು ಒಂದು ಅರ್ಜಿ ಹಾಕಿಕೊಂಡರೆ ರಸ್ತೆ ತೆರಿಗೆ ಕಟ್ಟಬೇಕಿಲ್ಲ, ವರ್ಷವರ್ಷ ತಪಾಸಣೆಗೂ ಹೋಗಬೇಕಿಲ್ಲ. ಮನುಷ್ಯರಿಗೆ ನಲವತ್ತು ದಾಟಿದ ಮೇಲೆ ಆಗುವುದು ಸರಿಯಾಗಿ ಇದರ ತಿರುಗುಮುರುಗು.

ಕ್ಲಚ್ಚಿನ ಕಾಯಿಲೆ ಬಹಳ ದಿನದಿಂದ ಸೂಚನೆ ಕೊಡುತ್ತಲೇ ಇತ್ತು. ರಿವರ್ಸ್ ಹಾಕುವಾಗ ಹುರಿದ ಕಾಫಿಬೀಜ ಅರೆದಂತೆ ಗರ್ರ್ ಎಂದು ಸದ್ದು. ಮುಂದಿನ ನಾಲ್ಕು ಗೇರುಗಳಿಗೆ ಸಿಂಕ್ರೋಮೆಶ್ ಎಂಬ ಸಮಾಧಾನ ಹೇಳುವ ವ್ಯವಸ್ಥೆ ಇದೆ. ತಿರುಗುವ ಚಕ್ರಗಳ ವೇಗವನ್ನು ಹೊಂದಿಸಿ ಆಮೇಲೆ ಕೈ ಕೂಡಿಸುತ್ತದೆ. ರಿವರ್ಸಿಗೆ ಅದಿಲ್ಲ. ಹಾಗಾಗಿ ಕ್ಲಚ್ಚು ಪೂರ್ತಿ ಬಿಡದಿದ್ದರೆ ಮೊದಲು ಕಿರುಚುವುದೇ ರಿವರ್ಸು. ನಾನು ಅದಕ್ಕೆ ಪರಿಹಾರ ಕಂಡುಕೊಂಡೆ: ಹಿಂದಕ್ಕೆ ಹೋಗಬೇಕಾಗುವಂಥ ಜಾಗದಲ್ಲಿ ಕಾರು ನಿಲ್ಲಿಸುವುದನ್ನೇ ಬಿಟ್ಟೆ.

ಹಾಗೆ ಇದ್ದರೂ ಮುಂದಕ್ಕೆ ಹೋಗುವುದು ತಪ್ಪುವುದಿಲ್ಲವಲ್ಲ. ಸೆಪ್ಟೆಂಬರಿನ ಒಂದು ಭಾನುವಾರ, ಎಂಜಿನ್ನು ಚೆನ್ನಾಗಿ ಕಾದಿದ್ದಾಗ, ಒಂದು ರೌಂಡ್‌ಅಬೌಟಿನ ಅಂಚಿನಲ್ಲಿ ನಿಂತೆ. ನಿಂತೆ ಎಂದರೆ ನಿಲ್ಲಲು ನೋಡಿದೆ. ಕ್ಲಚ್ಚನ್ನು ತುದಿಯವರೆಗೆ ಒತ್ತಿ ಹಿಡಿದಿದ್ದೇನೆ, ಕಾರು ಮಾತ್ರ ಬಸುರಿ ಎಮ್ಮೆಯ ಹಾಗೆ ಮೆಲ್ಲಗೆ ಮುಂದಕ್ಕೆ ಹೊರಟಿದೆ. ಗೇರು ತೆಗೆಯೋಣವೆಂದರೆ ಬರದು. ಕೊನೆಗೆ ಎಂಜಿನ್ನನ್ನೇ ಆರಿಸಿದೆ. ಹಿಂದೆ ಏಳೆಂಟು ಕಾರುಗಳು. ಒಬ್ಬರೂ ಹಾರ್ನ್ ಮಾಡಲಿಲ್ಲ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಇಳಿದು ಬಂದು ಬೈದು, ತಳ್ಳಿ, ಕಾಫಿ ಕುಡಿಸಿ ಕಳಿಸುತ್ತಿದ್ದರು. ಇಲ್ಲಿನವರ ಮೌನವನ್ನು ಸಹಿಸುವುದು ಬಹಳ ಕಷ್ಟ.

ಕ್ಲಚ್ಚಿಲ್ಲದೆ ಮನೆ ಸೇರುವುದು ಸಾಧ್ಯ. ಮೊದಲನೇ ಗೇರಿನಲ್ಲೇ ಇಟ್ಟು ಕೀಲಿ ತಿರುಗಿಸಿದರೆ ಕಾರು ಕುಪ್ಪಳಿಸಿ ಕುಪ್ಪಳಿಸಿ ಎಂಜಿನ್ನು ಹತ್ತಿಕೊಳ್ಳುತ್ತದೆ. ಆಮೇಲೆ ಆಕ್ಸಿಲರೇಟರಿನಿಂದ ಎಂಜಿನ್ನಿನ ವೇಗವನ್ನೂ ಚಕ್ರದ ವೇಗವನ್ನೂ ಹೊಂದಿಸಿ, ಶ್ರುತಿ ಸೇರಿದ ಕ್ಷಣದಲ್ಲಿ ಗೇರನ್ನು ಜಾರಿಸಬೇಕು. ಶ್ರುತಿ ಸೇರದಿದ್ದರೆ ಇಡೀ ಬೀದಿಗೆ ಕೇಳುತ್ತದೆ. ಹನ್ನೊಂದು ಮೈಲಿಯಲ್ಲಿ ಆರು ಕೆಂಪು ದೀಪ. ಜನ ತಿರುಪತಿಗೆ ಹರಕೆ ಹೊರುವುದು ಯಾಕೆಂದು ನನಗೆ ಐದನೆಯ ದೀಪದ ಹತ್ತಿರ ಅರ್ಥವಾಯಿತು.

ಈ ಕ್ಲಚ್ಚಿನ ರಾಜ್ಯಭಾರ ಹೀಗಿದೆ. ಕಾಲು ಪೆಡಲನ್ನು ಒತ್ತುತ್ತದೆ. ಪೆಡಲಿನ ಮೇಲ್ತುದಿ ಒಂದು ಸಣ್ಣ ಪಿನ್ನಿನ ಮೂಲಕ ಕಡ್ಡಿಯನ್ನು ದೂಡುತ್ತದೆ. ಆ ಕಡ್ಡಿ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ನನ್ನು, ಪಿಸ್ಟನ್ನು ಎಣ್ಣೆಯನ್ನು ದೂಡುತ್ತವೆ. ಎಣ್ಣೆ ಲೋಹದ ಪೈಪಿನಲ್ಲಿ ಕೆಳಗಿಳಿದು, ಗೇಣುದ್ದದ ರಬ್ಬರ್ ಹೋಸಿನೊಳಗೆ ನುಗ್ಗಿ, ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅದು ಇನ್ನೊಂದು ಕಡ್ಡಿಯನ್ನು, ಕಡ್ಡಿ ಒಂದು ಕವಲನ್ನು, ಕವಲು ಒಂದು ಬೇರಿಂಗನ್ನು ನೂಕಿದಾಗ ಕ್ಲಚ್ ಪ್ಲೇಟಿನ ಹಿಡಿತ ಸಡಿಲುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಒಬ್ಬನೇ ಪೂಜಾರಿ. ಇಲ್ಲಿ ಒಂಬತ್ತು ಜನ.

ಒಂದು ಕಡೆ ಒತ್ತಿದ ದ್ರವ ಎಲ್ಲ ಕಡೆಗೂ ಒಂದೇ ಸಮನಾಗಿ ಒತ್ತುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಬರೆದಿಟ್ಟವನು ಫ್ರಾನ್ಸಿನ ಪಾಸ್ಕಲ್. ಅವನು ತೀರಿಕೊಂಡದ್ದು 1662ರಲ್ಲಿ, ಆ ಬರಹ ಅಚ್ಚಾದದ್ದು ಮರುವರ್ಷ. ಅದನ್ನು ಕಾರಿನ ಬ್ರೇಕಿಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕು ಬಂದದ್ದು ಹಾಗೆ. ಇವನ ಮನೆತನದ ಹೆಸರಿನ ಸ್ಕಾಟ್ಲೆಂಡಿನ ಕಾಗುಣಿತವನ್ನು ಜನ ಲಾಗ್‌ಹೆಡ್ ಎಂದು ಓದಿ ಓದಿ ಕಾಟ ಕೊಟ್ಟದ್ದರಿಂದ, ಅಣ್ಣತಮ್ಮಂದಿರು ಉಚ್ಚಾರ ಇದ್ದಂತೆಯೇ ಬರೆಯುವ ಹೊಸ ಕಾಗುಣಿತ ಹಿಡಿದರು. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳ ಕೌಂಟರಿನಲ್ಲಿ ನನ್ನ ಹೆಸರು ಐದು ತುಂಡಾಗುವುದನ್ನು ಇಪ್ಪತ್ತೆರಡು ವರ್ಷ ಕೇಳಿದ ನನಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ.

ಪಾಸ್ಕಲ್ ಹೇಳಿದ್ದರಲ್ಲಿ ಲೆಕ್ಕಿಗನಿಗೆ ಕಾಣುವ ಒಂದು ಚಮತ್ಕಾರವಿದೆ. ನನ್ನ ಕಾರಿನ ಮಾಸ್ಟರಿನ ಅಡ್ಡಳತೆ ಮುಕ್ಕಾಲು ಇಂಚು, ಸ್ಲೇವಿನದು ಒಂದೂಕಾಲು. ಅಗಲವನ್ನು ವರ್ಗ ಮಾಡಿ ಭಾಗಿಸಿದರೆ ಸುಮಾರು ಎರಡೂಮುಕ್ಕಾಲು ಪಟ್ಟು. ಅಂದರೆ ನನ್ನ ಕಾಲಿನ ಬಲ ಅಷ್ಟು ಪಟ್ಟು ಹೆಚ್ಚಾಗಿ ಆಚೆ ತಲಪುತ್ತದೆ. ಆದರೆ ನಾನು ದೂಡಿದ ದೂರ ಅಷ್ಟೇ ಪಟ್ಟು ಕಡಿಮೆಯಾಗಿ ತಲಪುತ್ತದೆ. ಎಲ್ಲ ಸರಿಯಿದ್ದರೆ ಕೊನೆಯಲ್ಲಿ ಸ್ಲೇವಿನ ಕಡ್ಡಿ ಚಲಿಸುವುದು ಅರ್ಧ ಇಂಚಿನ ಆಸುಪಾಸು, ಹನ್ನೆರಡೂವರೆ ಮಿಲಿಮೀಟರು. ಇಷ್ಟು ಬಡ ಬಜೆಟ್ಟಿನಲ್ಲಿ ಎಲ್ಲಿ ಎರಡು ಮಿಲಿಮೀಟರು ಸೋರಿದರೂ ಇಲಾಖೆ ಮುಳುಗುತ್ತದೆ.

ಎರಡು ಡಬ್ಬಿಗಳಲ್ಲಿ ಎಣ್ಣೆ: ಒಂದು ಬ್ರೇಕಿಗೆ, ಒಂದು ಕ್ಲಚ್ಚಿಗೆ. ಕ್ಲಚ್ಚಿನದು ಸ್ವಲ್ಪ ಇಳಿದಿತ್ತು. ಈ ಎಣ್ಣೆ ಹೆಸರಿಗೆ ಎಣ್ಣೆ. ಗ್ಲೈಕಾಲ್ ಜಾತಿಯದು, ಮಲೆನಾಡಿನ ಮಳೆಗಾಲದ ಹಪ್ಪಳದಂತೆ ಸುತ್ತಲಿನ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು. ನೀರು ಕುಡಿದ ಮೇಲೆ 155 ಡಿಗ್ರಿ ತಡೆದುಕೊಂಡರೆ ಸಾಕು ಎಂದು ನಿಯಮವೇ ರಿಯಾಯಿತಿ ಕೊಟ್ಟಿದೆ. ಜೊತೆಗೆ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಸುಲಿದೇ ಬಿಡುತ್ತದೆ. ಬಿದ್ದ ಕೂಡಲೇ ಬಟ್ಟೆಯಲ್ಲಿ ಉಜ್ಜಬಾರದು, ಧಾರಾಳವಾಗಿ ನೀರು ಹೊಯ್ಯಬೇಕು. ಇದು ನನಗೆ ಈಗ ಗೊತ್ತು. ಅರಿಶಿನ ಡಬ್ಬಿಯ ಬಲಗೆನ್ನೆಯಲ್ಲಿ ಇಂಗ್ಲೆಂಡ್ ನಕ್ಷೆಯಂಥ ಒಂದು ಕಲೆ ಇರುವುದು ಮುಂಚೆ ಗೊತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಗಾಳಿ ಸೇರಿದೆ ಎಂದು ನಾನು ತೀರ್ಮಾನ ಮಾಡಿದೆ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಕೂತರೂ ಕಾಲಿನ ಶ್ರಮವನ್ನೆಲ್ಲ ಅದೇ ತಿಂದುಹಾಕುತ್ತದೆ. ಬಿಡಿಸುವುದಕ್ಕೆ ಇಬ್ಬರು ಬೇಕು. ಒಬ್ಬರು ಕಾರಿನಡಿ ಮಲಗಿ ಸ್ಲೇವಿನ ತಲೆಯ ಮೇಲಿನ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸಿಕೊಂಡಿರಬೇಕು. ಇನ್ನೊಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು. ತುಳಿದಾಗ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಿದ್ದ ಮೇಲೆ ಬಿಗಿಮಾಡಿ, ಆಮೇಲೆ ಕಾಲು ತೆಗೆಯಲು ಹೇಳಬೇಕು. ಕ್ರಮ ತಪ್ಪಿದರೆ ಬಿಟ್ಟ ಗಾಳಿ ಬಂಧುಬಳಗ ಸಮೇತ ವಾಪಸಾಗುತ್ತದೆ.

ತುಳಿಯುವ ಕೆಲಸಕ್ಕೆ ಹೆಂಡತಿಯನ್ನು ಕರೆದೆ. ಅವಳು ಹೆರಿಗೆ ಡಾಕ್ಟರು. ಬೆಳಗಿನಿಂದ ಸಂಜೆವರೆಗೆ, ಕೆಲವು ದಿನ ಸಂಜೆಯಿಂದ ಬೆಳಗಿನವರೆಗೆ, ಬೇರೆಯವರಿಗೆ "ಒತ್ತಮ್ಮ, ಇನ್ನೊಂದು ಸಲ ಒತ್ತು" ಎಂದು ಹೇಳುವುದೇ ಅವಳ ಉದ್ಯೋಗ. ರಜೆಯ ದಿನ ಕಾರಿನ ಕೆಳಗಿನಿಂದ ಗಂಡನೊಬ್ಬ "ಒತ್ತು, ಹಿಡಿ, ಈಗ ಬಿಡು" ಎಂದು ಕೂಗುವುದನ್ನು ಅವಳು ಹೇಗೆ ತೆಗೆದುಕೊಂಡಳೋ. ಹತ್ತು ನಿಮಿಷದ ಮೇಲೆ ಮೇಲಿನಿಂದ ಪ್ರಶ್ನೆ ಬಂತು: "ತಲೆ ಕಾಣ್ತಿದೆಯಾ?"

ಗುಳ್ಳೆಗಳು ಬಂದದ್ದು ನಿಜ. ಮೊದಲು ಡಿಕಾಕ್ಷನ್ ಬಣ್ಣದ ಎಣ್ಣೆ, ಆಮೇಲೆ ಚಹದ ಬಣ್ಣ, ಕೊನೆಗೆ ಜೇನಿನ ಬಣ್ಣ. ಅಪ್ಪನ ಪಂಪ್‌ಸೆಟ್ಟು ನೆನಪಾಗಿ ಕಣ್ಣು ತುಂಬಿತು. ಅದರಲ್ಲಿ ಒಂದು ಹನಿ ಬ್ರೇಕ್ ಎಣ್ಣೆಯೂ ಇತ್ತು.

"ಹೇಗಿದೆ ಈಗ?"

"ಮೊದಲು ಎರಡು ಬೆರಳಷ್ಟು ಖಾಲಿ. ಏನೂ ಸಿಗೋದಿಲ್ಲ ಕಾಲಿಗೆ. ಆಮೇಲೆ ಗಟ್ಟಿ. ಕೊನೆಗೆ ಒಂಥರಾ ಮೆತ್ತಗೆ ನಿಲ್ಲುತ್ತೆ, ದಿಂಬು ಒತ್ತಿದ ಹಾಗೆ."

"ಮೆತ್ತಗೆ ಅಂದರೆ ಗಾಳಿ ಇನ್ನೂ ಇದೆ" ಎಂದೆ. ಖಾಲಿಯ ವಿಷಯ ಕಿವಿಗೆ ಬೀಳಲೇ ಇಲ್ಲ. ನನಗೆ ಬೇಕಾದ ಲಕ್ಷಣ ಸಿಕ್ಕಿತ್ತು.

ಮುಂದಿನ ಮೂರು ವಾರ ಗಾಳಿ ಬಿಡಿಸಿದ್ದೇ ಬಿಡಿಸಿದ್ದು. ಕೆಳಗಿನಿಂದ ಮೇಲಕ್ಕೆ ಎಣ್ಣೆ ಹೊಡೆದರೆ ಗುಳ್ಳೆ ಸಹಜವಾಗಿ ಏರಿಹೋಗುತ್ತದೆ ಎಂದು ಬಲ್ಲವರು ಹೇಳಿದರು. ಅದೂ ಮಾಡಿದೆ, ಮೇಲಿನ ಡಬ್ಬಿ ತುಂಬಿ ಉಕ್ಕುವುದನ್ನು ನೋಡಿಕೊಳ್ಳಲು ಯಾರನ್ನೂ ನಿಲ್ಲಿಸಿರಲಿಲ್ಲ; ಇಂಗ್ಲೆಂಡ್ ನಕ್ಷೆ ಬಂದದ್ದು ಆಗ. ರಾತ್ರಿಯಿಡೀ ಪೆಡಲನ್ನು ಒತ್ತಿಟ್ಟರೆ ಉಳಿದ ಗಾಳಿ ತಾನಾಗಿ ಮೇಲೇರುತ್ತದೆ ಎಂದರು. ಸೀಟಿಗೂ ಪೆಡಲಿಗೂ ನಡುವೆ ಕೊಡಲು ಅಡುಗೆಮನೆಯ ಲಟ್ಟಣಿಗೆ ಅಳತೆ ಮಾಡಿಸಿದಂತೆ ಕೂತಿತು. ಮರುದಿನ ಚಪಾತಿಗಳು ಯುರೋಪಿನ ಬೇರೆ ಬೇರೆ ದೇಶಗಳ ಆಕಾರದಲ್ಲಿ ಬಂದವು. ಯಾರೂ ಮಾತಾಡಲಿಲ್ಲ.

ನಡುನಡುವೆ ನಿಜವಾದ ರೋಗಗಳೂ ಸಿಕ್ಕವು, ಇಲ್ಲವೆನ್ನುವುದಿಲ್ಲ. ಹೆಂಡತಿ ತುಳಿಯುವಾಗ ರಬ್ಬರ್ ಹೋಸನ್ನು ಕೈಯಲ್ಲಿ ಹಿಡಿದು ನೋಡಿದರೆ ಇಲಿ ನುಂಗಿದ ಹಾವಿನಂತೆ ಉಬ್ಬಿ ಇಳಿಯುತ್ತಿತ್ತು. ಕಾದಾಗ ಇನ್ನೂ ಮೆತ್ತಗಾಗಿ ಆ ಭಾನುವಾರ ಕೈಕೊಟ್ಟದ್ದು ಅದೇ ಇರಬೇಕು. ಹೊಸ ಹೋಸು ಹಾಕಿದೆ. ಸ್ಲೇವಿನ ರಬ್ಬರ್ ಟೋಪಿ ಸರಿಸಿದಾಗ ಒಳಗೆ ಒದ್ದೆ, ಸೀಲು ಬದಲಿಸಿದೆ. ಈ ಕಾರಿಗೆ ಸಿಗದ ಬಿಡಿಭಾಗವಿಲ್ಲ, 1988ರಿಂದ ಇಡೀ ಹೊಸ ದೇಹವನ್ನೇ ಒತ್ತಿ ಮಾರುತ್ತಿದ್ದಾರೆ. ಆತ್ಮ ಇದ್ದರೆ ಸಾಕು, ಶರೀರ ತರಿಸಿಕೊಳ್ಳಬಹುದು. ಮಾಸ್ಟರನ್ನೂ ಪರೀಕ್ಷಿಸಿದೆ: ಪೆಡಲನ್ನು ಒಂದೇ ಸಮ ಒತ್ತಿ ಹಿಡಿದಾಗ ಅದು ನಿಧಾನವಾಗಿ ಕುಸಿದರೆ ಒಳಗಿನ ಸೀಲು ಹೋಗಿದೆ ಎಂದರ್ಥ. ಕುಸಿಯಲಿಲ್ಲ. ಚಾಲಕನ ಕಾಲ ಬಳಿ ಎಣ್ಣೆ ಇಳಿದಿತ್ತೇ, ಅದೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಸ್ಲೇವಿನ ಕಡ್ಡಿಯ ಪಕ್ಕದಲ್ಲಿ ಸ್ಕೇಲ್ ಹಿಡಿದು ಅಳೆದೆ. ಒಂಬತ್ತು ಮಿಲಿಮೀಟರು. ಮೂರೂವರೆ ಕಡಿಮೆ. ರಿವರ್ಸು ಈಗಲೂ ಕಾಫಿ ಅರೆಯುತ್ತಿತ್ತು.

ಭಯ ಹುಟ್ಟಿದ್ದು ಆಗ. ಯಾಕೆಂದರೆ ಹೊರಗಿನ ಸರಪಳಿಯಲ್ಲಿ ದೋಷ ಸಿಗದಿದ್ದರೆ ಒಳಗೆ ಹುಡುಕಬೇಕು. ಎಂಜಿಬಿಯಲ್ಲಿ ಒಳಗೆ ಹೋಗುವುದೆಂದರೆ ಎಂಜಿನ್ನನ್ನೇ ಎತ್ತಿ ಹೊರಗಿಡುವುದು. ಬಿಡಿಸುವ ಬೇರಿಂಗು ಇದರಲ್ಲಿ ಗುಂಡಿನ ಬೇರಿಂಗಲ್ಲ, ಬರೀ ಇದ್ದಿಲಿನ ಬಳೆ. ಸವೆದು ಸವೆದು ಮುಗಿಯುವುದೇ ಅದರ ಜೀವನಧರ್ಮ. ಅದನ್ನು ನೋಡಲು ಕೈಯೂ ಹೋಗದು, ಕಣ್ಣೂ ಹೋಗದು. ಎಂಜಿನ್ ಎತ್ತುವ ಕ್ರೇನನ್ನು ಎರಡು ದಿನಕ್ಕೆ ಬಾಡಿಗೆಗೆ ವಿಚಾರಿಸಿ, ಮೊತ್ತವನ್ನು ಊಟದ ಹೊತ್ತಿನಲ್ಲಿ ಮೆಲ್ಲಗೆ ಪ್ರಸ್ತಾಪಿಸಿದೆ.

ಅವಳು ಚಮಚ ಕೆಳಗಿಟ್ಟಳು. "ಸಿಸೇರಿಯನ್ ಮಾಡೋಕೆ ಮುಂಚೆ ಕೇಸ್ ಹಿಸ್ಟರಿ ತೆಗೆದುಕೊಂಡಿದ್ದೀಯಾ?"

"ಯಾರದ್ದು?"

"ಪೆಡಲ್ ತುಳಿದೋರದ್ದು. ಮೂರು ವಾರದಿಂದ ಒಂದೇ ಹೇಳ್ತಿದ್ದೀನಿ. ಮೊದಲು ಎರಡು ಬೆರಳು ಖಾಲಿ. ಎಣ್ಣೆಗೆ ಇನ್ನೂ ಸುದ್ದಿಯೇ ಹೋಗಿಲ್ಲ, ಕಾಲು ಅಷ್ಟು ದೂರ ಹೋಗಿರುತ್ತೆ. ಅಂದ ಮೇಲೆ ತೊಂದರೆ ಎಣ್ಣೆಗಿಂತ ಮುಂಚೆ ಇರಬೇಕಲ್ಲ?"

ಮೂರು ವಾರ ನಾನು ಕಾರಿನಡಿಯಲ್ಲೇ ಇದ್ದೆ. ಸರಪಳಿಯ ಆಚೆ ತುದಿಯಲ್ಲಿ ಮಲಗಿ, ಆಳು ಕೆಲಸ ಮಾಡುತ್ತಿಲ್ಲ ಎಂದು ಬೈಯುತ್ತಿದ್ದೆ. ಒಡೆಯನಿಗೂ ಮೇಲೆ, ಪೆಡಲ್ ಪೆಟ್ಟಿಗೆಯ ತಗಡು ಮುಚ್ಚಳದ ಕೆಳಗೆ, ಒಬ್ಬ ಗುಮಾಸ್ತ ಕೂತಿದ್ದಾನೆ ಎಂಬುದು ತಲೆಗೇ ಹೊಳೆದಿರಲಿಲ್ಲ. ಟಾರ್ಚು ಹಿಡಿದು ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದೆ. ಪೆಡಲನ್ನೂ ಕಡ್ಡಿಯನ್ನೂ ಕೂಡಿಸುವ ಪಿನ್ನು, ಕಿರುಬೆರಳಿಗಿಂತ ಸಣ್ಣದು, ಹೊರಬಂತು. ಎಂಟು ಮಿಲಿಮೀಟರು ದಪ್ಪವಿರಬೇಕಾದದ್ದು ಸೊಂಟದಲ್ಲಿ ಐದೂವರೆಗೆ ಇಳಿದು ಡಮರುಗದ ಆಕಾರಕ್ಕೆ ಬಂದಿತ್ತು. ಅದು ಕೂರುವ ರಂಧ್ರಗಳು ದುಂಡಗಿದ್ದದ್ದು ಮೊಟ್ಟೆಯಾಕಾರವಾಗಿದ್ದವು. ಪಿನ್ನಿನ ಸವೆತ, ತೂತಿನ ಸವೆತ ಸೇರಿಸಿದರೆ ಐದೂವರೆ ಮಿಲಿಮೀಟರು ಸಡಿಲ. ಐವತ್ತು ವರ್ಷದಲ್ಲಿ ಎಷ್ಟು ಕಾಲುಗಳು ಎಷ್ಟು ಲಕ್ಷ ಸಲ ತುಳಿದವೋ, ಪ್ರತಿ ಸಲವೂ ಒಂದು ಧೂಳಿನ ಕಣದಷ್ಟು ಕಮಿಷನ್. ಆಡಿಟ್ಟಿನಲ್ಲಿ ಸಿಕ್ಕುವ ಕಳ್ಳತನವಲ್ಲ ಇದು.

ಹೊಸ ಪಿನ್ನು ಒಂದು ಕಪ್ ಕಾಫಿಗಿಂತ ಅಗ್ಗ. ಪೆಡಲಿನ ತೂತನ್ನು ಬೆಸುಗೆಯಲ್ಲಿ ತುಂಬಿಸಿ ಹೊಸದಾಗಿ ಕೊರೆಸಿ, ಕಡ್ಡಿಯ ಕವಲನ್ನೂ ಬದಲಿಸಿ ಜೋಡಿಸಿದೆ. ಖಾಲಿ ಹೋಯಿತು. ಸ್ಲೇವಿನ ಕಡ್ಡಿ ಈಗ ಹನ್ನೊಂದು ಮಿಲಿಮೀಟರು ಚಲಿಸಿತು. ಐದೂವರೆಯನ್ನು ಎರಡೂಮುಕ್ಕಾಲರಿಂದ ಭಾಗಿಸಿದರೆ ಎರಡು. ಒಂಬತ್ತಕ್ಕೆ ಎರಡು ಸೇರಿದರೆ ಹನ್ನೊಂದು. ಲೆಕ್ಕ ಹೀಗೆ ಪೈಸೆಪೈಸೆ ತಾಳೆಯಾದಾಗ ನನಗೆ ಆಗುವ ಸಂತೋಷವನ್ನು ಬೇರೆ ವೃತ್ತಿಯವರಿಗೆ ವಿವರಿಸಲಾರೆ. ರಿವರ್ಸು ಹಾಕಿದೆ. ಕಾಫಿಬೀಜ ಅರೆಯಲಿಲ್ಲ, ಒಂದೆರಡು ಬೀಜ ಮಾತ್ರ ಕಟಕ್ ಎಂದವು.

ಇನ್ನೂ ಒಂದೂವರೆ ಮಿಲಿಮೀಟರು ಬಾಕಿ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸಸ್ಪೆನ್ಸ್ ಖಾತೆ ಅನ್ನುತ್ತಾರೆ. ವಿವರ ಸಿಗದ ಮೊತ್ತವನ್ನು ಅದರಲ್ಲಿ ಹಾಕಿ ನಿದ್ದೆ ಮಾಡಬಹುದು. ನಾನು ಹಾಗೇ ಮಾಡುವವನಿದ್ದೆ. ಆದರೆ ಡಾಕ್ಟರು ಬಿಡಲಿಲ್ಲ.

"ಕೊನೆಗೆ ಮೆತ್ತಗೆ ನಿಲ್ಲೋದು ಹಾಗೇ ಇದೆ. ಇದು ಯಾವಾಗಿಂದ ಶುರುವಾದದ್ದು?"

"ಸದ್ದು ಶುರುವಾದದ್ದು ಮೇ ತಿಂಗಳಲ್ಲಿ ಇರಬೇಕು."

"ಮೇ ತಿಂಗಳಲ್ಲಿ ಕಾರಿಗೆ ಏನು ಮಾಡಿದೆ?"

ಏನೂ ಮಾಡಿರಲಿಲ್ಲ. ಊರಿಗೆ ಹೋಗಿ ಬಂದಿದ್ದೆ, ಅಷ್ಟೆ. ಅಮ್ಮ ಕೊಟ್ಟ ಉಪ್ಪಿನಕಾಯಿ, ಅಪ್ಪೆಮಿಡಿ, ಎರಡು ಕೆಜಿ ಅವಲಕ್ಕಿ ತಂದಿದ್ದೆ. ಮತ್ತೆ, ಇಲ್ಲಿನ ತೇವಕ್ಕೆ ಕಾರಿನ ನೆಲ ತುಕ್ಕು ಹಿಡಿಯದಿರಲಿ ಎಂದು, ಒಳ್ಳೆಯ ದಪ್ಪದ ತೆಂಗಿನ ನಾರಿನ ಕಾಲೊರಸು ಒಂದನ್ನು ತಂದು, ಕತ್ತರಿಸಿ, ಚಾಲಕನ ಕಾಲಡಿಗೆ ಅಚ್ಚುಕಟ್ಟಾಗಿ ಹಾಸಿದ್ದೆ. ಮೂರೂ ಪೆಡಲುಗಳ ಕೆಳಗೆ ಬರುವ ಹಾಗೆ.

ಅವಳು ಮಾತಾಡದೆ ಬಾಗಿ ಅದನ್ನು ಎಳೆದು ಹೊರಗೆ ಹಾಕಿ, ಕ್ಲಚ್ ತುಳಿದಳು. ಟಕ್ ಎಂದು ಪೆಡಲು ಲೋಹಕ್ಕೆ ತಾಗಿದ ಸದ್ದು ನನಗೆ ಕಾರಿನಡಿ ಕೇಳಿಸಿತು. ಸ್ಕೇಲು ನೋಡಿದೆ: ಹನ್ನೆರಡೂವರೆ. ಒಂದೂವರೆಯನ್ನು ಎರಡೂಮುಕ್ಕಾಲರಿಂದ ಗುಣಿಸಿ, ಪೆಡಲ್ ಲೀವರಿನ ಪಾಲನ್ನೂ ಸೇರಿಸಿದರೆ ಕಾಲಡಿಯಲ್ಲಿ ಸುಮಾರು ಎರಡು ಸೆಂಟಿಮೀಟರು. ಕಾಲೊರಸಿನ ದಪ್ಪ ಅಳೆಯಲು ನಾನು ಹೋಗಲಿಲ್ಲ.

ರಿವರ್ಸು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಅರಿಶಿನ ಡಬ್ಬಿ ಆರು ತಿಂಗಳಿಗೆ ಮೊದಲ ಸಲ ಹಿಂದಕ್ಕೆ ಚಲಿಸಿ ಬೀದಿಗೆ ಬಂತು. ಓಡಿಸುತ್ತಿದ್ದವಳು ಅವಳು; ನಾನು ಬಾಟಲಿ, ಕೊಳವೆ, ಲಟ್ಟಣಿಗೆಗಳನ್ನು ಎತ್ತಿಡುತ್ತಿದ್ದೆ.

ನಾರಿನ ಕಾಲೊರಸು ಈಗ ನಮ್ಮ ಮನೆಯ ಹಿಂಬಾಗಿಲಲ್ಲಿದೆ. ಗ್ಯಾರೇಜಿನಿಂದ ಬರುವವರು ಅದರ ಮೇಲೆ ಎರಡು ಸಲ ಚೆನ್ನಾಗಿ ಕಾಲು ಒರೆಸಿಯೇ ಒಳಗೆ ಬರಬೇಕೆಂದು ನಿಯಮವಾಗಿದೆ. ನಮ್ಮ ಮನೆಯಲ್ಲಿ ಗ್ಯಾರೇಜಿನಿಂದ ಬರುವವನು ನಾನೊಬ್ಬನೇ.